ಕೊಂಡೆಕ್ತು ಅನ್ನಬ್ಯಾಡಿ

ನಮ್ಮೆಜಮಾನ್ರ ಅಂಗಡಿಗೆ ಯಾರಾದ್ರೂ ಬಂದು "ಕೊಟ್ಟೂರಪ್ಪಾ, ಬ್ಯಾಟ್ರಿ ಕೊಂಡೆಕ್ತು" ಅಂದ್ರೆ ಮುಗೀತು ಅವನ ಕತೆ. ಕೈಲಿದ್ದ ಕೆಲ್ಸ ಕೆಳಗಿಟ್ಟು, "ಆರೋಯ್ತು ಅನ್ನಪ್ಪ. ಸತ್ತೋಯ್ತು ಅನ್ನು. ಅಂಗೆ ಬಾಯಿಬಿಟ್ಟು ಹೇಳೋದಾದ್ರೆ ಒಳಕ್ಕೆ ಬಾ, ಇಲ್ದಿದ್ರೆ ಎತ್ಕಂಡು ಹೋಗು" ಅನ್ನೋರು. ಬೆಳಗ್ಗೆ ಬೋಣಿ ಹೊತ್ನಲ್ಲಿ ಸಾವಿನ ಮಾತಾಡು ಅಂದ್ರೆ ಯಾರು ಆಡ್ತಾರೆ? ಎಷ್ಟೋ ಜನ ಮೂತಿ ತಿರುಗಿಸ್ಕಂಡು ರೈಲ್ವೆ ಸ್ಟೇಷನ್ ಹತ್ರದ ಇನ್ನೊಂದು ಅಂಗಡಿಗೆ ಹೋಗ್ಬುಡೋರು. ಕೊಟ್ಟೂರಪ್ಪಂಗೆ ಆಸಿಡ್ ಗಾಳಿ ತಲೆಗೇರೈತೆ ಅಂತ ಊರೆಲ್ಲ ಆಡ್ಕಂತು. ಏರಿದ್ದು ಆಸಿಡ್ ಅಲ್ಲ, ಅದೇನು ಅಂತ ನಂಗೊತ್ತು.

ಹಿಂದೂಪುರದೋರಿಗಾದ್ರೆ ಈ ಮಾತು ಬಿಡಿಸಿ ಹೇಳೋದು ಬ್ಯಾಡ. ದೀಪ ಆರ್ತು ಅನ್ಬಾರ್ದು ಅಂತ ನಮ್ ಕಡೆ ಹೆಂಗಸ್ರು ದೀಪ ಕೊಂಡೆಕ್ತು ಅಂತೀವಿ. ತೆಲುಗಲ್ಲಿ ಕೊಂಡ ಅಂದ್ರೆ ಬೆಟ್ಟ. ದೀಪ ಬೆಟ್ಟ ಹತ್ತಿ ಶಿವನ ತಾವಕ್ಕೆ ಹೋಯ್ತು ಅಂತ ಅರ್ಥ. ಒಲೆ ಮುಂದೆ ಕನ್ನಡ, ಬೀದಿಗಿಳಿದ್ರೆ ತೆಲುಗು, ಯಾವ ಮಾತು ಯಾರ್ದು ಅಂತ ನಾವ್ಯಾರೂ ಕೇಳ್ದೋರಲ್ಲ ಕಣಮ್ಮ. ಆದ್ರೆ ಆ ಮಾತ್ನ ತಂದು ಬ್ಯಾಟ್ರಿಗೆ ಅಂಟಿಸ್ದೋಳು ನನ್ನ ನಾದಿನಿ ಕರಿಬಸಮ್ಮ. ಅವಳ ಕತೆ ಬಿಟ್ಟು ಇವರ ಕತೆ ಹೇಳಕ್ಕಾಗಲ್ಲ.

ನಮ್ಮೋರ ಮನೆತನದ್ದು ಬೆಲ್ಲ, ಹುಣಿಸೆಹಣ್ಣಿನ ಯಾಪಾರ. ಅಪ್ಪ ಅವ್ವ ಇಬ್ರೂ ಕಾಲರಾದಲ್ಲಿ ಒಟ್ಟಿಗೇ ಹೋದಾಗ ಚಿಕ್ಕಪ್ಪಂದಿರು ಮಂಡಿನ ನೋಡ್ಕಂಡ್ರು, ಇವರು ತಂಗಿನ ನೋಡ್ಕಂಡ್ರು. ಇನ್ನೂ ಮೀಸೆ ಮೂಡ್ದೆ ಇರೋ ವಯಸ್ಸು. ಲಾರಿ ಶೆಡ್ಡಿಗೆ ಕೆಲ್ಸಕ್ಕೆ ಹೋಗುವಾಗ್ಲೂ ಅವಳ್ನ ಸೊಂಟದ ಮೇಲೆ ಕೂರಿಸ್ಕಂಡೇ ಹೋಗೋರಂತೆ. ಶೆಡ್ಡಿನೋರು ನಗೋರಂತೆ, "ಏನ್ಲಾ ಕೊಟ್ಟೂರ, ನಿನ್ನ ಮಗ್ಳಾ?" ಅಂತ. ಇವರು "ಹೂಂ ಕಣಣ್ಣ, ಮಗ್ಳೇ" ಅನ್ನೋರಂತೆ. ನಾನು ಮದುವೆಯಾಗಿ ಬಂದ ಹೊಸದ್ರಲ್ಲಿ ಆ ಹುಡುಗಿಗೆ ಜಡೆ ಹಾಕಕ್ಕೂ ನನ್ನ ಬಿಡ್ತಿರ್ಲಿಲ್ಲ. ಗಂಡಸು ಜಡೆ ಹಾಕೋದು ನೋಡಿ ನಂಗೆ ನಗುನೂ ಬತ್ತಿತ್ತು, ಹೊಟ್ಟೆಕಿಚ್ಚೂ ಆಗ್ತಿತ್ತು. ಹೇಳ್ಕಳ್ಳಕ್ಕೇನು ನಾಚಿಕೆ.

ಆ ಶೆಡ್ಡಲ್ಲೇ ಬ್ಯಾಟ್ರಿ ಕೆಲ್ಸ ಕಲ್ತು, ಬಸ್‌ಸ್ಟ್ಯಾಂಡ್ ಪಕ್ಕ ಸ್ವಂತ ಚಾರ್ಜಿಂಗ್ ಅಂಗಡಿ ಇಟ್ರು. ಲಾರಿ, ಬಸ್ಸಿನ ಬ್ಯಾಟ್ರಿ ಬರೋವು. ಕರೆಂಟಿಲ್ದ ಊರುಗಳ ರೇಡಿಯೋ ಬ್ಯಾಟ್ರಿನೂ ಬರೋವು. ಸಾಲಾಗಿ ಜೋಡಿಸಿ ಕರೆಂಟು ಕೊಟ್ರೆ ಒಳಗೆ ಗುಳುಗುಳು ಅಂತ ಗುಳ್ಳೆ ಏಳೋವು, ಹುಳಿ ವಾಸ್ನೆ ಮೂಗಿಗೆ ಹೊಡ್ಯೋದು. ಆಸಿಡ್ ಸಿಡಿದು ಅವರ ಒಂದು ಪಂಚೆಗಾದ್ರೂ ತೂತಿಲ್ದೆ ಇದ್ದಿದ್ರೆ ಕೇಳಿ! ಹಬ್ಬಕ್ಕೆ ಹೊಸ್ದು ಉಟ್ರೂ ಸಾಯಂಕಾಲಕ್ಕೆ ಜರಡಿ. ನಾನು ಅಡಿಗೆ ಸೋಡಾ ಡಬ್ಬಿ ಹಿಡ್ಕಂಡು ಹಿಂದೆ ಹಿಂದೆ ಓಡಾಡಿ ಸಾಕಾಗಿ ಕೊನೆಗೆ ಬಿಟ್ಬುಟ್ಟೆ.

ಕೆಲಸದಲ್ಲಿ ಮಾತ್ರ ಬಲೇ ಹಟ. ಅವಸರ ಮಾಡಿ ಜಾಸ್ತಿ ಕರೆಂಟು ಕೊಟ್ರೆ ಒಳಗಿನ ಸೀಸದ ತಗಡು ಹಾಳಾಯ್ತವೆ ಅಂತ ನಿಧಾನಕ್ಕೆ ಚಾರ್ಜು ಮಾಡೋರು. ಬಂದೋನು ಬಾಗಿಲಲ್ಲಿ ನಿಂತು ಒದ್ದಾಡಿದ್ರೂ ಅಷ್ಟೇ. "ತುಂಬ್ಲಿ ತಡಿಯಪ್ಪ. ಅರೆಬರೆ ಕಳ್ಸೋ ಕೈಯಲ್ಲ ಇದು" ಅನ್ನೋರು. ಪೂರ್ತಿ ಬರಿದು ಮಾಡ್ಕಂಡು ತಂದೋರಿಗಂತೂ ಬೈಗುಳವೇ. ಅರ್ಧಕ್ಕಿಳಿದಾಗ್ಲೇ ತಂದ್ರೆ ಬ್ಯಾಟ್ರಿ ವರ್ಷಗಟ್ಲೆ ಬಾಳ್ತದೆ, ತಳ ಕಾಣೋಗಂಟ ಹಿಂಡಿದ್ರೆ ಬೇಗ ಕೆಡ್ತದೆ ಅನ್ನೋದು ಅವರ ದಿನಾ ಪಾಠ. ನಿಧಾನದ ಆ ಹಟವೇ ಆಮೇಲೆ ಅವರ್ನ ತಿಂತು.

ಕರಿಬಸಮ್ಮನ್ನ ಕಲ್ಯಾಣದುರ್ಗದ ಉಜ್ಜಿನಪ್ಪಂಗೆ ಕೊಟ್ಟಿದ್ರು. ಕಳ್ಳೆಕಾಯಿ ಯಾಪಾರ, ಒಳ್ಳೆ ಮನುಷ್ಯ, ಆದ್ರೆ ಸುಗ್ಗಿ ಬಂದ್ರೆ ಮನೇಲಿ ನಿಲ್ತಿರ್ಲಿಲ್ಲ. ಮಕ್ಕಳಾಗ್ಲಿಲ್ಲ. ಆಮೇಲೆ ಅವಳಿಗೆ ಎದೆ ಬೇನೆ ಸುರುವಾಯ್ತು. ಒಂದು ಬಿಂದಿಗೆ ಎತ್ತಿದ್ರೆ ಏದುಸ್ರು. ಗುಂಡಿಗೆ ಸರಿಯಿಲ್ಲ, ಆಯಾಸ ಮಾಡ್ಕಬಾರ್ದು ಅಂತ ಅನಂತಪುರದ ಡಾಕ್ಟ್ರು ಹೇಳಿದ್ರು. ಮಂಚದ ಮೇಲೆ ಒಬ್ಳೇ ಕೂತು ಸೂರು ನೋಡ್ತಾಳಲ್ಲ ಅಂತ ಇವರು ಒಂದು ಬ್ಯಾಟ್ರಿ ರೇಡಿಯೋ ತಗೊಂಡೋಗಿ ಇಟ್ಟು ಬಂದ್ರು. ಅವಳ ಮನೆಗಿನ್ನೂ ಕರೆಂಟು ಬಂದಿರ್ಲಿಲ್ಲ. ಎರಡು ಬ್ಯಾಟ್ರಿ ಇಟ್ಟಿದ್ರು. ಒಂದು ಅವಳ ಹತ್ರ, ಇನ್ನೊಂದು ಅಂಗಡೀಲಿ. ವಾರವಾರ ಕಲ್ಯಾಣದುರ್ಗದ ಬಸ್ಸಿನ ಕಂಡಕ್ಟರ್ ಕದಿರಣ್ಣ ತುಂಬಿದ್ದು ತಗೊಂಡೋಗಿ ಇಳಿದಿದ್ದು ತರೋನು.

ಆ ರೇಡಿಯೋ ಮುಂದೆ ನಂಬರಿನ ಗಾಜಿನ ಹಿಂದ್ಗಡೆ ಒಂದು ಚಿಕ್ಕ ದೀಪ ಇತ್ತು. ಮೊದಲ್ನೇ ಸಲ ಬ್ಯಾಟ್ರಿ ಇಳಿದು ಅದು ಮಂಕಾದಾಗ ಕರಿಬಸಮ್ಮ ಕದಿರಣ್ಣನ ಕೈಲಿ ಹೇಳಿ ಕಳ್ಸಿದ್ಲು, "ನಿನ್ನ ದೀಪ ಕೊಂಡೆಕ್ತು ಕಣಣ್ಣ, ಬೇರೇದು ಕಳ್ಸು." ಇವರು ಬಿದ್ದು ಬಿದ್ದು ನಕ್ಕಿದ್ರು. ಅವತ್ತಿಂದ ಅದೇ ಮಾತಾಯ್ತು. ವಾರವಾರ ಕದಿರಣ್ಣ ಬಸ್ಸಿಂದ ಇಳೀತಾನೇ ಕೂಗೋನು, "ಕೊಂಡೆಕ್ಕಿಂದಂಟ ಅನ್ನಾ, ಪಂಪಾಲಂಟ!" ಕೊಂಡೆಕ್ತಂತೆ, ಕಳಿಸ್ಬೇಕಂತೆ. ಕೇಳಿ ಕೇಳಿ ಬಸ್‌ಸ್ಟ್ಯಾಂಡಿನೋರೆಲ್ಲ ಅದನ್ನೇ ಆಡಕ್ಕೆ ಹಿಡಿದ್ರು. ನಮ್ ಗೌರಕ್ಕ, ನನ್ನ ಮಗಳು, ಆಗ ಚಿಕ್ಕೋಳು, ಅವಳೂ ಅಂಗೇ ಕೂಗ್ತಿದ್ಲು.

ಐವತ್ತೇಳನೇ ಇಸ್ವಿ ಆಯುಧಪೂಜೆ ಮುಗಿದ ಮಗ್ಗುಲಲ್ಲೇ ರಷ್ಯಾದೋರು ಆಕಾಶಕ್ಕೆ ಗುಂಡು ಬಿಟ್ರು ನೋಡಿ. ಸ್ಪುಟ್ನಿಕ್. ಊರೆಲ್ಲ ಅದೇ ಮಾತು. ನಮ್ಮ ಬೀದೀಲಿ ಮಿಲ್ಟ್ರಿ ರಾಮಲಿಂಗಯ್ಯ ಅಂತಿದ್ರು, ಯುದ್ಧದಲ್ಲಿ ವೈರ್‌ಲೆಸ್ ಕೆಲ್ಸ ಮಾಡಿ ಬಂದೋರು. ಮಿಲ್ಟ್ರಿ ಹರಾಜಲ್ಲಿ ಹಿಡ್ದಿದ್ದ ಒಂದು ದೊಡ್ಡ ಸೆಟ್ಟು ಅವರ ಹತ್ರ ಇತ್ತು. ಅದು ಕುಡಿಯೋ ಬ್ಯಾಟ್ರಿಗೆ ಲೆಕ್ಕವಿಲ್ಲ. ಅವರು ಅಂಗಡಿಗೆ ಬಂದು, "ಕೊಟ್ಟೂರಪ್ಪ, ಎರಡು ಒಳ್ಳೆ ಬ್ಯಾಟ್ರಿ ಕೊಡು. ಆಕಾಶದ ಸದ್ದು ಕೇಳಿಸ್ತೀನಿ" ಅಂದ್ರು. ಅಂಗಡಿ ಮಾಳಿಗೆ ಮೇಲೆ ತಂತಿ ಎಳೆದು ಕೂತ್ರು. ಒಂದಿನ ಸೂರ್ಯ ಹುಟ್ಟೋ ಹೊತ್ಗೆ ಸಿಕ್ತು. ಬೀಪ್, ಬೀಪ್, ಬೀಪ್. ನಾನೂ ಹತ್ತಿ ಹೋಗಿ ಕೇಳ್ದೆ. ಕೋಳಿಮರಿ ಕೂಗ್ದಂಗಿತ್ತು. "ಇದಕ್ಕಾ ಇಷ್ಟು ರಂಪ?" ಅಂದೆ.

"ಇದು ಯಾವುದ್ರಿಂದ ಕೂಗ್ತೈತೆ?" ಅಂತ ನಮ್ಮೋರು ಕೇಳಿದ್ರು.

"ಇನ್ಯಾವುದ್ರಿಂದ? ಬ್ಯಾಟ್ರಿ. ನಿನ್ನ ಸರಕೇ ಕಣಪ್ಪ" ಅಂದ್ರು ರಾಮಲಿಂಗಯ್ಯ.

ಆಯ್ತಲ್ಲ! ಅವತ್ತಿಂದ ಈಯಪ್ಪ ಭೂಮಿ ಮೇಲೆ ಇರ್ಲಿಲ್ಲ. ಬೆಲ್ಲದ ಮಂಡಿ ಚಿಕ್ಕಪ್ಪಂದಿರು ಜನ್ಮವೆಲ್ಲ "ಆಸಿಡ್ ತೊಳ್ಯೋನು" ಅಂತ ಆಡ್ಕಂಡಿದ್ರು. ಈಗ ಆಸಿಡ್ ತೊಳ್ಯೋನ ಕಸುಬು ಆಕಾಶಕ್ಕೆ ಹೋಗಿತ್ತು. ಉಣ್ಣುವಾಗ್ಲೂ ಅದೇ. ತಲೆಕೆಳಗಾದ್ರೆ ಆಸಿಡ್ ಚೆಲ್ಲಲ್ವಾ, ಬಿರಡೆಗೆ ಅರಗು ಬಳಿದವ್ರಾ, ನೆರಳಿಗೆ ಹೋದಾಗ ಚಳಿಗೆ ಬ್ಯಾಟ್ರಿ ಸೋಲಲ್ವಾ, ಮತ್ತೆ ಬಿಸ್ಲಿಗೆ ಬಂದಾಗ ಕಾದು ಉಬ್ಬಲ್ವಾ. ಚಾರ್ಜು ಮಾಡೋರು ಅಲ್ಲಿ ಯಾರವ್ರೆ? ಒಂದು ವಾರ ತಡಕಂಡ್ರೆ ಹೆಚ್ಚು ಅಂತ ಎಲ್ರ ಮುಂದೆ ಪಂಥ ಕಟ್ಟಿದ್ರು. ವಾರ ಕಳೀತು, ಅದು ಕೂಗ್ತಾನೇ ಇತ್ತು. ಮೀಸೆ ಮಣ್ಣಾದ್ರೂ ಖುಷಿನೇ ಅವರಿಗೆ. ಅದ್ರೊಳಗೆ ಬೆಳ್ಳಿ, ಸತುವು ಹಾಕವ್ರೆ ಅಂತ ಆಮ್ಯಾಕೆ ಯಾರೋ ಓದಿ ಹೇಳಿದ್ರು. "ಬೆಳ್ಳಿನ ಆಕಾಶಕ್ಕೆ ಎಸೀತಾರಾ? ನಂಗೊಂದು ಕಾಲುಂಗ್ರಕ್ಕೆ ಗತಿಯಿಲ್ಲ" ಅಂತ ನಾನು ರೇಗಿದ್ದೆ.

ರೇಗಿದ್ದು ಸುಮ್ನಲ್ಲ. ಆ ಮಿಲ್ಟ್ರಿ ಸೆಟ್ಟಿಗೆ ಕೊಟ್ಟ ಬ್ಯಾಟ್ರಿಗಳಲ್ಲಿ ಒಂದು ಕರಿಬಸಮ್ಮಂದು. ಅವಳಿಗೆ ಹೋಗ್ಬೇಕಾದ್ದು ಒಂದು ವಾರ ತಪ್ತು, ಇನ್ನೊಂದು ವಾರಾನೂ ತಪ್ತು. ದೀಪಾವಳಿಗೆ ಸೀರೆ ತಗೊಂಡು ನಾನೇ ಬತ್ತೀನಿ ಅಂತ ತಂಗಿಗೆ ಮಾತು ಕೊಟ್ಟಿದ್ರು. ಹಸಿರು ಸೀರೆ, ಕೆಂಪು ಅಂಚು, ಅವರೇ ಆರಿಸಿ ತಂದು ಟ್ರಂಕಲ್ಲಿಟ್ಟಿದ್ರು. ಹಬ್ಬ ಹತ್ರ ಬಂದಾಗ "ಯಾವಾಗ ಹೊರಡೋದು?" ಅಂದೆ.

"ಇದ್ರ ಸದ್ದು ಇಳೀತಾ ಐತೆ ಕಣೆ. ಬ್ಯಾಟ್ರಿ ಕೊನೆಗೆ ಬಂದೈತೆ. ಕಡೇ ಕೂಗು ನಾನು ಕೇಳ್ಬೇಕು. ಅದಾದ ಮಗ್ಗುಲಲ್ಲೇ ಹೋಯ್ತೀನಿ" ಅಂದ್ರು.

ಹಬ್ಬ ಬಂತು, ಹೋಯ್ತು. ನಮ್ಮನೆ ಬಾಗಿಲಲ್ಲಿ ಹಣತೆ ಸಾಲು ಉರೀತು. ಅಲ್ಲಿ ಅವಳು ಬಾಗಿಲು ನೋಡ್ಕಂಡು ಕೂತಿದ್ಲು ಅಂತ ಆಮೇಲೆ ಗೊತ್ತಾಯ್ತು.

ಹಬ್ಬ ಮುಗಿದ ಮೇಲೆ ಕದಿರಣ್ಣ ಅಂಗಡಿಗೆ ಬಂದ. ನಾನು ಊಟ ತಗೊಂಡು ಅಲ್ಲೇ ಇದ್ದೆ. ಅವತ್ತು ಅವನು ಬಸ್ಸಿಂದ ಕೂಗ್ಲಿಲ್ಲ, ಒಳಗೆ ಬಂದು ಮೆಲ್ಲಗೆ ಹೇಳ್ದ. "ಅಕ್ಕ ಹೇಳಿ ಕಳ್ಸವ್ರೆ. ದೀಪಂ ಕೊಂಡೆಕ್ಕುತಾಂದಿ, ಅನ್ನನಿ ತೊಂದರಗಾ ರಮ್ಮನು. ಅಷ್ಟೇ ಅಂದ್ರು." ದೀಪ ಕೊಂಡೆಕ್ತಾ ಐತೆ, ಅಣ್ಣಂಗೆ ಬೇಗ ಬಾ ಅನ್ನು.

ನಮ್ಮೋರು ತಲೆ ಚಚ್ಕಂಡ್ರು. "ಥೂ, ನನ್ನ ಬುದ್ಧಿಗಿಷ್ಟು! ಬ್ಯಾಟ್ರಿ ಕಳಿಸ್ದೆ ಎಷ್ಟು ದಿನ ಆಯ್ತು! ಪಾಪ, ರೇಡಿಯೋ ಇಲ್ದೆ ಒದ್ದಾಡ್ತಾವ್ಳೆ. ನಾಳೆ ಬಸ್ಸಿಗೆ ಹಾಕ್ತೀನಿ ಕದಿರಣ್ಣ."

"ರೀ, ಯಾವಾಗ್ಲೂ ಕಳ್ಸು ಅಂತಾಳೆ. ಈ ಸಲ ಬಾ ಅಂದವ್ಳೆ ಕಣ್ರೀ" ಅಂದೆ.

"ಹಬ್ಬಕ್ಕೆ ಹೋಗ್ಲಿಲ್ವಲ್ಲ, ಮುನಿಸ್ಕಂಡವ್ಳೆ. ಅದಕ್ಕೆ ಅಂಗಂದವ್ಳೆ."

"ಕೊಂಡೆಕ್ತು ಅನ್ಲಿಲ್ಲ, ಕೊಂಡೆಕ್ತಾ ಐತೆ ಅಂದವ್ಳೆ. ನೀವು ಹೋಗಕ್ಕಾಗ್ದಿದ್ರೆ ನಾನಾದ್ರೂ ಹೋಗ್ಬತ್ತೀನಿ. ಸೀರೆ ಕೊಡಿ."

"ಸೀರೆ ನನ್ನ ಕೈಯಾರೆ ಕೊಡ್ಬೇಕು ನಾನು. ಎರಡು ದಿನ ತಡಿ, ಮೇಲಿನ ಆ ಗುಂಡೂ ಸುಮ್ಕಾಯ್ತದೆ, ಆಮೇಲೆ ಇಬ್ರೂ ಹೋಗಣ. ಸುಮ್ಕಿರು, ಎಲ್ಲಾದ್ರಲ್ಲೂ ಕೇಡು ಹುಡುಕ್ಬ್ಯಾಡ."

ಕದಿರಣ್ಣನ ಮುಖ ನೋಡ್ದೆ. ಅವನೂ ಏನೋ ಹೇಳಕ್ಕೆ ಹೋದ. ಅವಳು ಮಂಚದಿಂದ ಏಳ್ದೆ ಇದ್ದಿದ್ದನ್ನ ಅವನು ಕಣ್ಣಾರೆ ಕಂಡಿದ್ದ. ಆದ್ರೆ ಹಬ್ಬದ ಹಿಂದ್ಗಡೇನೇ ಒಂದು ಮನೆ ಹೆಣ್ಣುಮಗಳ ಬಗ್ಗೆ ಕೆಟ್ಟ ಮಾತು ಬಾಯಲ್ಲಿ ಹೆಂಗೆ ಆಡೋದು? ಅವಳೂ ಆಡ್ಲಿಲ್ಲ, ಅವನೂ ಆಡ್ಲಿಲ್ಲ. ನಾವು ಅಂಗೇ ಬೆಳೆದಿರೋ ಜನ ಕಣಮ್ಮ.

ಮಾರನೇ ದಿನದ ಬಸ್ಸಿಗಾದ್ರೂ ಬ್ಯಾಟ್ರಿ ಹೋಯ್ತಾ? ಇಲ್ಲ. ಮಿಲ್ಟ್ರಿ ಸೆಟ್ಟು ಅದನ್ನ ತಳ ಕಾಣೋಗಂಟ ಹಿಂಡಿತ್ತು. ಅವಸರದಲ್ಲಿ ಕರೆಂಟು ಏರಿಸಿ ತುಂಬಿಸ್ಬೌದಿತ್ತು. ತಂಗಿಗೆ ಕಳ್ಸೋದು, ಅರೆಬರೆ ಇರ್ಬಾರ್ದು ಅಂತ ನಿಧಾನಕ್ಕೇ ಇಟ್ರು. ಆಗಾಗ ಗಾಜಿನ ಕೊಳವೇಲಿ ಆಸಿಡ್ ಎಳೆದು, ಒಳಗೆ ತೇಲೋ ಬುರುಡೆ ಎಷ್ಟು ಮೇಲಕ್ಕೆ ಬಂತು, ಎಷ್ಟು ತುಂಬ್ತು ಅಂತ ನೋಡೋರು. ಅದರ ಮಾರನೇ ದಿನ, ತುಂಬ ತುಂಬಿ, ಹೊರಗೆಲ್ಲ ಒರೆಸಿ, ಹೊಸ ಗೋಣಿ ಸುತ್ತಿ ಬಸ್ಸಿಗೆ ಹಾಕಿದ್ರು. "ಹದಿನೈದು ದಿನ ಕೇಳಿದ್ರೂ ಕೊಂಡೆಕ್ಕಲ್ಲ ಅಂತ ಹೇಳು ನನ್ ತಂಗಿಗೆ" ಅಂತ ಕದಿರಣ್ಣಂಗೆ ಹೇಳಿದ್ರು. ಆ ಮುಖದಲ್ಲಿದ್ದ ಖುಷಿ ಈಗ್ಲೂ ನನ್ನ ಕಣ್ಣಲ್ಲೈತೆ.

ಮರುದಿನ ಬೆಳಗಿನ ಬಸ್ಸಲ್ಲಿ ಸುದ್ದಿ ಬಂತು. ಕದಿರಣ್ಣ ಅಳ್ತಾ ಬಂದ. ತವರಿನ ಸೀರೆ ಹೊದಿಸ್ದೆ ಮುತ್ತೈದೆನ ಮಣ್ಣಿಗಿಡೋ ಹಂಗಿಲ್ಲ, ಉಜ್ಜಿನಪ್ಪನೋರು ಕಾಯ್ತಾವ್ರೆ ಅಂದ. ಇವರು ಟ್ರಂಕು ತೆಗೆದು ಹಬ್ಬದ ಸೀರೆ ಎತ್ಕಂಡ್ರು. ನಾನು ಗೌರಕ್ಕನ ಕೈ ಹಿಡ್ಕಂಡು ಹಿಂದೆ ಹತ್ತಿದೆ. ಸೋಮಂದೇಪಲ್ಲಿ ದಾಟಿದ್ದು, ಪೆನುಕೊಂಡ ದಾಟಿದ್ದು ಯಾವುದೂ ಅವರಿಗೆ ಗೊತ್ತಾಗ್ಲಿಲ್ಲ. ಆ ಸೀರೆ ತೊಡೆ ಮೇಲಿತ್ತು, ಎರಡು ಕೈಯಲ್ಲೂ ಒತ್ತಿ ಹಿಡ್ದಿದ್ರು.

ಕಲ್ಯಾಣದುರ್ಗದಲ್ಲಿ ಅವಳ್ನ ಗೋಡೆಗೆ ಒರಗಿಸಿ ಕೂರಿಸಿದ್ರು, ಹಣೆಗೆ ಈಬೂತಿ. ಹೋದ ಗೌರಿಹಬ್ಬಕ್ಕೆ ನಾನು ತೊಡಿಸಿದ್ದ ಹಸಿರು ಬಳೆ ಇನ್ನೂ ಕೈಲಿದ್ವು. ಬಾಗಿಲ ಪಕ್ಕ, ಗೋಣಿ ಬಿಚ್ಚದೆ, ಬ್ಯಾಟ್ರಿ ಕೂತಿತ್ತು.

ಉಜ್ಜಿನಪ್ಪನೋರು ಕೆಟ್ಟ ಮನಸ್ಸಿಂದ ಹೇಳ್ಲಿಲ್ಲ. ಅಳ್ತಾ ಅಳ್ತಾ ಆದದ್ದು ಆದಂಗೆ ಹೇಳಿದ್ರು. "ಬಸ್ಸಿನ ಹಾರನ್ ಕೇಳಿ ಎದ್ದು ಕೂತ್ಲು ಭಾವ. ಅಣ್ಣ ಬಂದ್ನಾ ಅಂದ್ಲು. ಬ್ಯಾಟ್ರಿ ಬಂದೈತೆ ಅಂದೆ. ನಕ್ಕುಬುಟ್ಲು. 'ಅಯ್ಯೋ ನಮ್ಮಣ್ಣ ಪೆದ್ದ, ನಾನು ಅಂದಿದ್ದು ಬ್ಯಾಟ್ರಿನಲ್ಲ' ಅಂದ್ಲು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದೋಳು ಮತ್ತೆ ಮಾತಾಡ್ಲಿಲ್ಲ."

ನಮ್ಮೋರು ಸೀರೆ ಹೊದಿಸಿದ್ರು. ಹೊದಿಸಿ, ಅವಳ ಜಡೆ ಸೀರೆ ಒಳಗೆ ಸಿಕ್ಕಂಡಿತ್ತು, ಅದನ್ನ ಈಚೆಗೆ ತೆಗೆದು ಮುಂದಕ್ಕೆ ಹಾಕಿದ್ರು. ಅಷ್ಟು ಮಾಡಿ ಅಲ್ಲೇ ಕುಸಿದ್ರು. ಆ ಗಂಡಸು ಅಳೋದನ್ನ ನಾನು ಅವತ್ತೇ ಮೊದ್ಲು ಕಂಡಿದ್ದು.

ಊರಿಗೆ ವಾಪಸ್ ಬಂದಾಗ ರಾಮಲಿಂಗಯ್ಯ ಎದುರಿಗೇ ಬಂದು, "ಅದು ನಿಂತೋಯ್ತು ಕೊಟ್ಟೂರಪ್ಪ, ಬ್ಯಾಟ್ರಿ ಮುಗೀತಂತೆ" ಅಂದ್ರು. ಯಾವಾಗ ಅಂತ ಇವರು ಕೇಳ್ಲಿಲ್ಲ. ಮಾಳಿಗೆ ಹತ್ತಿ ತಂತಿ ಕಿತ್ತು ಸುತ್ತಿ ಅವರ ಕೈಗೆ ಕೊಟ್ಟು ಬಂದ್ರು.

ಆ ಬ್ಯಾಟ್ರಿನೂ ವಾಪಸ್ ತಂದಿದ್ರು. ಮಾರ್ಲಿಲ್ಲ, ಯಾರಿಗೂ ಬಾಡಿಗೆಗೂ ಕೊಡ್ಲಿಲ್ಲ. ಸುಮ್ನೆ ಇಟ್ರೂ ಬ್ಯಾಟ್ರಿ ತಂತಾನೇ ಇಳೀತದಂತೆ, ಇಳಿದು ಬಿದ್ದಿದ್ರೆ ತಗಡು ಕೆಡ್ತವಂತೆ. ಅದಕ್ಕೆ ಆಗಾಗ ಒಂದು ಚಿಕ್ಕ ಬಲ್ಬು ಸಿಕ್ಕಿಸಿ ಸ್ವಲ್ಪ ಉರಿಸಿ, ಮತ್ತೆ ನಿಧಾನಕ್ಕೆ ತುಂಬೋರು. ಒಂದು ಸಲ ನಂಗೆ ತಡೀಲಿಲ್ಲ. "ಯಾರಿಗೆ ಕಳ್ಸಕ್ಕೆ ಇದು?" ಅಂದ್ಬುಟ್ಟೆ. ಅವರು ಬಲ್ಬು ನೋಡ್ತಾ ಕೂತ್ರು.

ಮುಂದಿನ ವರ್ಷ ಅಮೆರಿಕಾದೋರು ಒಂದು ಪುಟ್ಟ ಗುಂಡು ಬಿಟ್ರು. ರಾಮಲಿಂಗಯ್ಯ ಪೇಪರ್ ಓದಿ ಹೇಳಿದ್ರು, ಅದರ ಮೈಮೇಲೆ ಬಿಸ್ಲು ಕುಡಿಯೋ ಬಿಲ್ಲೆ ಅವ್ಯಂತೆ, ಒಳಗಿನ ಬ್ಯಾಟ್ರಿ ಸತ್ರೂ ಬಿಸ್ಲಲ್ಲೇ ಕೂಗ್ತಾನೇ ಇರ್ತದಂತೆ. ಇವರು, "ಬಿಸ್ಲಿದ್ರೆ ಸಾಕಾ? ಯಾರೂ ಏನೂ ಕಳ್ಸೋದು ಬ್ಯಾಡ್ವಾ? ಕಲ್ಯಾಣದುರ್ಗದಲ್ಲಿ ಬಿಸ್ಲಿಗೇನು ಬರ ಇತ್ತು ಸ್ವಾಮಿ" ಅಂದ್ರು. ರಾಮಲಿಂಗಯ್ಯ ಪೇಪರ್ ಮಡಚಿಟ್ಕಂಡು ಎದ್ದೋದ್ರು. ಆ ಗುಂಡು ಅರವತ್ನಾಕರ ತನಕ ಕೂಗ್ತಂತೆ.

ಕರಿಬಸಮ್ಮ ಹೋದಾಗಿಂದ ಸುರುವಾಗಿದ್ದು ಮಾತಿನ ಮೇಲಿನ ಈ ಕಾಟ. ಅಂಗಡೀಲಿ, ಮನೇಲಿ, ಎಲ್ಲೂ ಕೊಂಡೆಕ್ತು ಅನ್ನಂಗಿಲ್ಲ. ಸಂಜೆ ದೀಪ ಆರಿದ್ರೆ ನಾನೂ ಆರ್ತು ಅಂತ್ಲೇ ಅನ್ಬೇಕು. ಅಕ್ಕಪಕ್ಕದ ಹೆಂಗಸ್ರು ಕೆನ್ನೆ ಕೆನ್ನೆ ಬಡ್ಕಳ್ಳೋರು. ನಾನು ಜಗಳ ಆಡ್ದೆ, ಕಣ್ಣೀರಿಟ್ಟೆ, ಕೊನೆಗೆ ಅವರಂಗೇ ಆಡಕ್ಕೆ ಕಲ್ತೆ. ಗೌರಕ್ಕನ್ನ ಕಂಬದೂರಿಗೆ ಕೊಟ್ಟು ಕಳಿಸುವಾಗ, ಬಸ್ಸು ಹತ್ತೋ ಮಗಳಿಗೆ ಅಪ್ಪ ಹೇಳಿದ ಬುದ್ಧಿ ಏನು ಗೊತ್ತಾ? "ಮೈ ಸರಿಯಿಲ್ದಿದ್ರೆ ಸರಿಯಿಲ್ಲ ಅನ್ನವ್ವ. ಸಾಯ್ತೀನಿ ಅನ್ನಿಸಿದ್ರೆ ಸಾಯ್ತೀನಿ ಅಂತ್ಲೇ ಹೇಳ್ಕಳ್ಸು." ಬೀಗ್ರೆಲ್ಲ ಮುಖ ಮುಖ ನೋಡ್ಕಂಡ್ರು. ನಂಗೆ ನೆಲ ಬಾಯಿ ಬಿಡಬಾರ್ದಾ ಅನ್ನಿಸ್ತು.

ಹೋದ ಚಳಿಗಾಲ ಅವರಿಗೇ ಕಾಯಿಲೆ ಬಂತು. ಹೊಗೆ, ಆಸಿಡ್ ಗಾಳಿ ಕುಡಿದು ಕುಡಿದು ಎದೆಗೂಡು ಕೆಟ್ಟಿತ್ತು. ಒಂದಿನ ಬೆಳಗ್ಗೆ ನನ್ನ ಕರೆದು, "ನಾನು ಸಾಯ್ತಾ ಇವ್ನಿ ಕಣೆ. ಗೌರಿಗೆ ಹೇಳ್ಕಳ್ಸು" ಅಂದ್ರು. ಬಸ್‌ಸ್ಟ್ಯಾಂಡಿಗೆ ಓಡ್ದೆ. ಕದಿರಣ್ಣಂಗೂ ತಲೆ ನರೆತಿತ್ತು, ಅದೇ ರೂಟು.

"ಕಂಬದೂರಿಗೆ ಸುದ್ದಿ ಮುಟ್ಟಿಸು ಕದಿರಣ್ಣ. ಅಪ್ಪ ಸಾಯ್ತಾವ್ರೆ, ಬಾ ಅನ್ನು."

ಅವನು ತುಟಿ ಕಚ್ಚಿದ. "ಅಕ್ಕಾ, ಮೈಗೆ ಹುಷಾರಿಲ್ಲ ಅಂತೀನಿ."

"ಬ್ಯಾಡ. ಸಾಯ್ತಾವ್ರೆ ಅನ್ನು. ಇಲ್ಲೊಂದ್ಸಲ ಹೇಳಿ ತೋರ್ಸು ನಂಗೆ."

ಬಸ್ಸಿನ ಮೆಟ್ಲ ಮೇಲೆ ನಿಂತು ಅವನು ಹೇಳ್ದ. ಕಣ್ಣಲ್ಲಿ ನೀರು ಇಳೀತಿತ್ತು.

ಮನೆಗೆ ಬಂದಾಗ, "ಏನಂತ ಹೇಳ್ಕಳ್ಸಿದೆ?" ಅಂದ್ರು. ಹೇಳ್ದೆ. "ಹಂಗಂತ್ಲೇ ಹೇಳ್ದಾ ಅವನು?" ಅಂದ್ರು. "ಹಂಗಂತ್ಲೇ" ಅಂದೆ. ಕಣ್ಮುಚ್ಚಿದ್ರು.

ಸಂಜೆ ಬಸ್ಸಿಗೆ ಗೌರಕ್ಕ ಬಂದ್ಲು. ಉಟ್ಟ ಸೀರೇಲೇ ಓಡಿ ಬಂದಿದ್ಲು, ಕೈಯಲ್ಲಿನ್ನೂ ರಾಗಿಹಿಟ್ಟು ಒಣಗಿತ್ತು. ಬಾಗಿಲಲ್ಲೇ "ಅಪ್ಪಾ" ಅಂದ್ಲು. ಅವರು ಕಣ್ಬಿಟ್ಟು ಅವಳ್ನೇ ನೋಡಿದ್ರು. ಕೈ ಎತ್ತಿ ಅವಳ ಜಡೆ ಹಿಡ್ಕಂಡ್ರು.

"ಬಂದ್ಯಾ ಅವ್ವ. ನೀನು ಬಂದೆ. ನಾನು ಅವತ್ತು ಬ್ಯಾಟ್ರಿ ಕಳಿಸ್ದೆ ಕಣವ್ವ" ಅಂದ್ರು.